ಭುಜದ ಉಬ್ಬು ಹಾಗೇ ಇದೆ, ಮತ್ತೆ ಟ್ರೇಲ್‌ಗೆ ಇಳಿಯುವುದು ಯಾವಾಗ?

ಪ್ರಶ್ನೆ: ನನಗೆ 41 ವರ್ಷ. ಮನೆ ಉತ್ತರಹಳ್ಳಿ, ಐಟಿ ಕೆಲಸ. ಏಳು ವಾರದ ಹಿಂದೆ ತುರಹಳ್ಳಿ ಕಾಡಿನ ಕಲ್ಲುಮಣ್ಣಿನ ದಾರಿಯಲ್ಲಿ (ಟ್ರೇಲ್) ಮೌಂಟನ್ ಬೈಕ್ ಓಡಿಸುತ್ತಿದ್ದೆ. ಇಳಿಜಾರಿನಲ್ಲಿ ಮುಂದಿನ ಚಕ್ರ ಮರದ ಬೇರಿಗೆ ತಗುಲಿ ನಿಂತುಬಿಟ್ಟಿತು. ಹ್ಯಾಂಡಲ್ ಮೇಲಿಂದ ಎಗರಿ ಬಲ ಭುಜದ ಮೇಲೆ ಬಿದ್ದೆ. ಎಕ್ಸ್‌ರೇ ನೋಡಿದ ಡಾಕ್ಟರು ಮೂಳೆ ಮುರಿದಿಲ್ಲ, ಎ.ಸಿ. ಜಾಯಿಂಟ್ ಗ್ರೇಡ್ 3, ಆಪರೇಷನ್ ಬೇಡ ಅಂದರು. ಮೂರು ವಾರ ಸ್ಲಿಂಗ್ ಹಾಕಿದ್ದೆ. ಈಗ ನೋವು ಕಮ್ಮಿ. ಆದರೆ ಭುಜದ ಮೇಲೆ ಉಬ್ಬು ಹಾಗೇ ಇದೆ, ಕೈ ಕಿವಿಯ ಮಟ್ಟ ದಾಟಿ ಮೇಲೆ ಹೋಗುವುದಿಲ್ಲ, ಸಂಜೆಯಾದರೆ ಕತ್ತು ಭುಜ ಎಳೆಯುತ್ತದೆ. ಮನೆಯಲ್ಲಿ ಪುತ್ತೂರು ಕಟ್ಟು ಹಾಕಿಸು ಅಂತಾರೆ. ಗೆಳೆಯರು ಆಪರೇಷನ್ ಮಾಡಿಸಬೇಕಿತ್ತು ಅಂತಾರೆ. ಮುಂದಿನ ತಿಂಗಳು ಸಕಲೇಶಪುರದ ಕಡೆ ರೈಡ್ ಇದೆ. ಹೋಗಬಹುದಾ? ಶುಗರ್ ಅಂಚಿನಲ್ಲಿದೆ, ಮಾತ್ರೆ ಇನ್ನೂ ಶುರು ಮಾಡಿಲ್ಲ.

ಉತ್ತರ: ಮೊದಲು ಸಕಲೇಶಪುರದ ಮಾತು ಮುಗಿಸೋಣ. ಮುಂದಿನ ತಿಂಗಳ ರೈಡ್ ಬೇಡ. ಕೈ ಪೂರ್ತಿ ಮೇಲೆ ಹೋಗದೆ ಇರುವಾಗ ಇಳಿಜಾರಿನಲ್ಲಿ ಒಮ್ಮೆ ಜೋರಾಗಿ ಬ್ರೇಕ್ ಹಿಡಿದರೂ ಮೈಭಾರವೆಲ್ಲ ಆ ಭುಜದ ಮೇಲೆ ಬೀಳುತ್ತದೆ. ಅದನ್ನು ತಡೆದುಕೊಳ್ಳುವ ಶಕ್ತಿ ನಿಮ್ಮ ಭುಜಕ್ಕೆ ಇನ್ನೂ ಬಂದಿಲ್ಲ. ಆದರೆ ನೀವು ಹೆದರಿಕೊಂಡಿರುವಷ್ಟು ದೊಡ್ಡ ವಿಷಯವೂ ಇದಲ್ಲ. ಈ ಪೆಟ್ಟು ಬಿದ್ದವರಲ್ಲಿ ಬಹಳ ಜನ ಆಪರೇಷನ್ ಇಲ್ಲದೆಯೇ ಮತ್ತೆ ಸೈಕಲ್ ಹತ್ತುತ್ತಾರೆ, ಟ್ರೇಲ್‌ಗೂ ಇಳಿಯುತ್ತಾರೆ. ಅದಕ್ಕೆ ಎಷ್ಟು ವಾರ ಕಳೆಯಿತು ಅಂತ ಲೆಕ್ಕ ಹಾಕುವುದಕ್ಕಿಂತ ಭುಜ ಏನೇನು ಮಾಡಬಲ್ಲದು ಅಂತ ನೋಡಬೇಕು. ಭುಜದ ಫಿಸಿಯೋಥೆರಪಿಯೇ ನನ್ನ ದಿನನಿತ್ಯದ ಕೆಲಸ. ವಾರದ ಲೆಕ್ಕ ಬಿಡಬೇಕು ಅನ್ನುವುದನ್ನು ಒಪ್ಪಿಕೊಂಡವರು ಬೇಗ ಸುಧಾರಿಸುವುದನ್ನು ನಾನು ನೋಡುತ್ತಲೇ ಇದ್ದೇನೆ.

ನಿಮಗೆ ಏನಾಗಿದೆ ಅನ್ನುವುದನ್ನು ನಿಮ್ಮ ಬೆರಳಿಂದಲೇ ತಿಳಿದುಕೊಳ್ಳಿ. ಮೊದಲು ಪೆಟ್ಟಾಗದ ಎಡಗಡೆ. ಕತ್ತಿನ ಬುಡದಲ್ಲಿ ಕಾಲರ್ ಬೋನ್ ಶುರುವಾಗುವ ಜಾಗದಲ್ಲಿ ಬೆರಳಿಟ್ಟು ಹಾಗೇ ಹೊರಗಡೆಗೆ ಜಾರಿಸುತ್ತಾ ಹೋಗಿ. ಭುಜದ ತುದಿಗೆ ಎರಡು ಬೆರಳು ದೂರದಲ್ಲಿ ಒಂದು ಸಣ್ಣ ಏಣು ಸಿಗುತ್ತದೆ. ಅಲ್ಲಿಗೆ ಕಾಲರ್ ಬೋನ್ ಮುಗಿಯಿತು. ಅದರಾಚೆ ಇರುವುದು ಬೆನ್ನಿನ ಹಿಂದಿನ ಹಲಗೆ ಮೂಳೆಯ ಮುಂಚಾಚು. ಇವೆರಡೂ ಸೇರುವ ಜಾಗವೇ ಎ.ಸಿ. ಜಾಯಿಂಟ್. ಇದನ್ನು ಎರಡು ಜೊತೆ ಲಿಗಮೆಂಟುಗಳು ಹಿಡಿದಿಡುತ್ತವೆ. ಒಂದು ಜೊತೆ ಜಾಯಿಂಟಿನ ಸುತ್ತಲೇ ಇದ್ದು ಮೂಳೆ ಹಿಂದೆ ಮುಂದೆ ಸರಿಯದಂತೆ ನೋಡಿಕೊಳ್ಳುತ್ತದೆ. ಇನ್ನೊಂದು ಜೊತೆ ಸ್ವಲ್ಪ ಒಳಗಡೆ ಇದೆ, ಕಾಲರ್ ಬೋನನ್ನು ಕೆಳಗಿನ ಹಲಗೆ ಮೂಳೆಗೆ ಬಿಗಿದು ಕಟ್ಟಿರುತ್ತದೆ. ಗ್ರೇಡ್ 1 ಅಂದರೆ ಮೊದಲ ಜೊತೆ ಉಳುಕಿದೆ ಅಷ್ಟೆ. ಗ್ರೇಡ್ 2 ಅಂದರೆ ಮೊದಲ ಜೊತೆ ಹರಿದಿದೆ, ಎರಡನೆಯದು ಉಳುಕಿದೆ. ನಿಮ್ಮದು ಗ್ರೇಡ್ 3, ಎರಡೂ ಹರಿದಿವೆ.

ಈಗ ಬಲಗಡೆಯ ಉಬ್ಬು ಮುಟ್ಟಿ ನೋಡಿ. ಕಾಲರ್ ಬೋನ್ ಮೇಲಕ್ಕೆ ಎದ್ದು ನಿಂತಿದೆ ಅಂತ ಅನ್ನಿಸುತ್ತದೆ ಅಲ್ವಾ? ಹೆಚ್ಚಿನಂಶ ಅದು ಇದ್ದಲ್ಲೇ ಇದೆ. ಕಟ್ಟು ಬಿಟ್ಟುಹೋದ ಮೇಲೆ ತೋಳಿನ ಭಾರಕ್ಕೆ ಹಲಗೆ ಮೂಳೆಯೇ ಕೆಳಗೆ, ಮುಂದಕ್ಕೆ ಜಾರಿದೆ. ಸಂಜೆ ಕತ್ತು ಎಳೆಯುವುದಕ್ಕೂ ಇದೇ ಕಾರಣ. ದಿನವಿಡೀ ಆ ತೋಳನ್ನು ತೂಗಿ ಹಿಡಿಯುವ ಕೆಲಸ ಕತ್ತಿನಿಂದ ಭುಜಕ್ಕೆ ಇಳಿಯುವ ಸ್ನಾಯುವಿನ ತಲೆಗೆ ಬಿದ್ದಿದೆ. ಆದ್ದರಿಂದ ಉಬ್ಬನ್ನು ಒತ್ತಿ ಕೂರಿಸುವುದರಿಂದ ಏನೂ ಆಗುವುದಿಲ್ಲ. ಹಲಗೆ ಮೂಳೆಯನ್ನು ಹಿಂದಕ್ಕೆ, ಮೇಲಕ್ಕೆ ಹಿಡಿದಿಡುವ ಸ್ನಾಯುಗಳಿಗೆ ಬಲ ಕೊಡಬೇಕು. ನಿಮ್ಮ ಚಿಕಿತ್ಸೆಯೆಲ್ಲ ಇದರ ಮೇಲೇ ನಿಂತಿದೆ.

ಉಬ್ಬು ಹೋಗುತ್ತದಾ ಅನ್ನುವ ಪ್ರಶ್ನೆಯೂ ನಿಮ್ಮ ಮನಸ್ಸಿನಲ್ಲಿರಬಹುದು. ಹೋಗುವುದಿಲ್ಲ. ಊತ ಇಳಿದ ಮೇಲೆ ಸ್ವಲ್ಪ ತಗ್ಗಬಹುದು, ಸುತ್ತಲಿನ ಸ್ನಾಯು ತುಂಬಿಕೊಂಡರೆ ಕಣ್ಣಿಗೆ ಕಮ್ಮಿ ಕಾಣಬಹುದು. ಪೂರ್ತಿ ಹೋಗದು. ನೋವಿಲ್ಲದೆ ಕೆಲಸ ಮಾಡುವ ಭುಜದ ಮೇಲೆ ಉಬ್ಬಿದ್ದರೆ ಅದನ್ನು ಹಾಗೇ ಬಿಡುವುದೇ ಸರಿ ಅನ್ನುವುದು ನನ್ನ ಅಭಿಪ್ರಾಯ.

ಇನ್ನು ಆಪರೇಷನ್. 1984ರಿಂದ ಬಳಕೆಯಲ್ಲಿರುವ ರಾಕ್‌ವುಡ್ ವರ್ಗೀಕರಣದಲ್ಲಿ ಈ ಪೆಟ್ಟಿಗೆ ಆರು ದರ್ಜೆಗಳಿವೆ. ಒಂದು, ಎರಡಕ್ಕೆ ಆಪರೇಷನ್ ಬೇಡ. ನಾಲ್ಕರಿಂದ ಆರಕ್ಕೆ ಸಾಮಾನ್ಯವಾಗಿ ಬೇಕು ಅನ್ನುತ್ತಾರೆ. ಜಗಳವಿರುವುದು ಮೂರರಲ್ಲೇ. 2015ರಲ್ಲಿ ಕೆನಡಾದ ಮೂಳೆ ವೈದ್ಯರು 83 ಜನರ ಮೇಲೆ ನಡೆಸಿದ ಒಂದು ಪರೀಕ್ಷೆಯ ಫಲ ಪ್ರಕಟವಾಯಿತು. ಜಾಯಿಂಟ್ ಪೂರ್ತಿ ತಪ್ಪಿದವರಲ್ಲಿ ಅರ್ಧದಷ್ಟು ಜನರಿಗೆ ಕೊಕ್ಕೆಯಂಥ ಪ್ಲೇಟ್ ಹಾಕಿ ಆಪರೇಷನ್, ಉಳಿದವರಿಗೆ ಸ್ಲಿಂಗ್ ಮತ್ತು ವ್ಯಾಯಾಮ. ಮೊದಲ ಮೂರು ತಿಂಗಳು ಆಪರೇಷನ್ ಆಗದವರ ಕೈಯೇ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಆರು ತಿಂಗಳು, ಒಂದು ವರ್ಷ, ಎರಡು ವರ್ಷಕ್ಕೆ ನೋಡಿದಾಗ ಕೈಯ ಕೆಲಸದಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಎಕ್ಸ್‌ರೇಯಲ್ಲಿ ಮಾತ್ರ ಆಪರೇಷನ್ ಆದವರ ಮೂಳೆ ನೇರವಾಗಿ ಕೂತಿತ್ತು. ಆದ್ದರಿಂದ ನಿಮ್ಮ ಡಾಕ್ಟರು ಕೊಟ್ಟ ಸಲಹೆ ಸರಿಯಾಗಿದೆ. ಗೆಳೆಯರ ಮಾತಿಗೆ ಮನಸ್ಸು ಕೆಡಿಸಿಕೊಳ್ಳಬೇಡಿ.

ಹಾಗಂತ ಬಾಗಿಲು ಮುಚ್ಚಿಹೋಯಿತು ಅಂತಲೂ ಅಲ್ಲ. ಸರಿಯಾಗಿ ಮೂರು ತಿಂಗಳು ವ್ಯಾಯಾಮ ಮಾಡಿದ ಮೇಲೂ ಭಾರ ಎತ್ತಿದರೆ ನೋವು, ಕೈ ಮೇಲೆತ್ತುವಾಗ ಜಾಯಿಂಟ್ ಕಟಕ್ ಅಂತ ಸರಿಯುವುದು, ಹಲಗೆ ಮೂಳೆ ಹದ ತಪ್ಪಿಯೇ ಓಡಾಡುವುದು, ಇವೆಲ್ಲ ಉಳಿದರೆ ಆಗಲೂ ಆಪರೇಷನ್ ಮಾಡಿಸಬಹುದು. ತಡವಾಗಿ ಮಾಡುವಾಗ ಬೇರೆ ಕಡೆಯ ನರಪಟ್ಟಿಯೊಂದನ್ನು (ಸ್ನಾಯುವನ್ನು ಮೂಳೆಗೆ ಅಂಟಿಸುವ ಪಟ್ಟಿ, ಟೆಂಡನ್) ತೆಗೆದು ಹೊಸ ಕಟ್ಟಾಗಿ ಹಾಕಬೇಕಾಗಬಹುದು. ಮೊದಲೆರಡು ಮೂರು ವಾರದಲ್ಲಿ ಮಾಡುವುದಕ್ಕಿಂತ ಇದು ಸ್ವಲ್ಪ ದೊಡ್ಡ ಕೆಲಸ. ಆದರೂ ಮೊದಲು ವ್ಯಾಯಾಮಕ್ಕೆ ಪೂರ್ತಿ ಅವಕಾಶ ಕೊಡುವುದೇ ಒಳ್ಳೆಯ ದಾರಿ. ನಿಮ್ಮ ಮಾತಿನಿಂದ ನನಗೆ ಅನ್ನಿಸುವುದು, ಆ ಅವಕಾಶ ಇನ್ನೂ ಸಿಕ್ಕಿಲ್ಲ. ಸ್ಲಿಂಗ್ ತೆಗೆದ ಮೇಲೆ ಈ ನಾಲ್ಕು ವಾರ ಏನು ವ್ಯಾಯಾಮ ಮಾಡಿದಿರಿ ಅಂತ ನೀವು ಬರೆದೇ ಇಲ್ಲ.

ಇನ್ನು ಪುತ್ತೂರು ಕಟ್ಟಿನ ವಿಷಯ. ಮನೆಯವರು ಕಾಳಜಿಯಿಂದಲೇ ಹೇಳುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ. ಆದರೆ ನಿಮ್ಮಲ್ಲಿ ಕೂಡಿಸಬೇಕಾದ ಮುರಿದ ಮೂಳೆ ಇಲ್ಲ. ಹರಿದ ಲಿಗಮೆಂಟನ್ನು ಹೊರಗಿನ ಬಿಗಿ ಪಟ್ಟಿ ಜೋಡಿಸಲಾರದು. ಏಳು ವಾರ ಕಳೆದ ಮೇಲೆ ಮತ್ತೆ ಕೈ ಕಟ್ಟಿಟ್ಟರೆ ಈಗಾಗಲೇ ಬಿಗಿದಿರುವ ಭುಜ ಇನ್ನಷ್ಟು ಬಿಗಿಯುತ್ತದೆ. ಜಾಯಿಂಟಿನ ಮೇಲೆ ಎಣ್ಣೆ ಹಾಕಿ ಜೋರಾಗಿ ತಿಕ್ಕಿಸುವುದೂ ಬೇಡ. ಕತ್ತಿನ ಪಕ್ಕದ ಸ್ನಾಯುವಿಗೆ ಬಿಸಿನೀರಿನ ಶಾಖ, ಹಗುರವಾಗಿ ನೀವುವುದು, ಇಷ್ಟು ಧಾರಾಳವಾಗಿ ಮಾಡಿ.

ನಿಮ್ಮ ಪತ್ರದಲ್ಲಿ ನನ್ನನ್ನು ನಿಜವಾಗಿ ಯೋಚನೆಗೆ ಹಚ್ಚಿದ ಸಾಲು ಉಬ್ಬಿನದ್ದಲ್ಲ. ಕೈ ಕಿವಿಯ ಮಟ್ಟ ದಾಟುವುದಿಲ್ಲ ಅಂದಿರಿ, ಜೊತೆಗೆ ಶುಗರ್ ಅಂಚಿನಲ್ಲಿದೆ ಅಂದಿರಿ. ಇವೆರಡೂ ಒಟ್ಟಿಗೆ ಇದ್ದಾಗ ಫ್ರೋಜನ್ ಶೋಲ್ಡರ್ ಶುರುವಾಗುತ್ತಿದೆಯಾ ಅಂತ ನೋಡಲೇಬೇಕು. ಭುಜದ ಗುಂಡಿಯ ಸುತ್ತಲಿನ ಚೀಲ ಊದಿಕೊಂಡು, ಆಮೇಲೆ ಸುಕ್ಕುಗಟ್ಟಿ ಬಿಗಿಯುವ ತೊಂದರೆ ಅದು. 40 ದಾಟಿದವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ, ಪೆಟ್ಟು ಬಿದ್ದು ಕೈ ಆಡಿಸದೆ ಇಟ್ಟವರಲ್ಲಿ ಜಾಸ್ತಿ. ಒಮ್ಮೆ ಬೇರೂರಿದರೆ ಬಿಡಿಸಿಕೊಳ್ಳಲು ಒಂದೆರಡು ವರ್ಷವೇ ಹಿಡಿಯಬಹುದು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮನೆಯಲ್ಲೇ ನೋಡುವ ಬಗೆ ಹೀಗೆ. ಕುರ್ಚಿಯಲ್ಲಿ ನೇರ ಕೂತುಕೊಳ್ಳಿ. ಎರಡೂ ಮೊಣಕೈ ಪಕ್ಕೆಗೆ ಅಂಟಿರಲಿ. ಬಲ ಕಂಕುಳಲ್ಲಿ ಮಡಿಸಿದ ಕೈವಸ್ತ್ರ ಒಂದು ಇಟ್ಟುಕೊಳ್ಳಿ, ಅದು ಬೀಳಬಾರದು. ಮೊಣಕೈ ಮಡಚಿ, ಹೆಬ್ಬೆರಳು ಮೇಲೆ ಮಾಡಿ, ಎರಡೂ ಅಂಗೈಗಳನ್ನು ಬಾಗಿಲು ತೆರೆದಂತೆ ಹೊರಕ್ಕೆ ತಿರುಗಿಸಿ. ಎಡಗೈ ಎಷ್ಟು ತೆರೆಯಿತು, ಬಲಗೈ ಎಷ್ಟು ತೆರೆಯಿತು ನೋಡಿ. ಈಗ ಬಲಗೈ ಸಡಿಲ ಬಿಟ್ಟು ಮನೆಯವರಿಗೆ ಮೆಲ್ಲಗೆ ಹೊರಕ್ಕೆ ತಳ್ಳಲು ಹೇಳಿ. ಅವರು ತಳ್ಳಿದಾಗ ಇನ್ನಷ್ಟು ಹೋದರೆ ಚೀಲ ಸಡಿಲವಾಗಿದೆ, ಸ್ನಾಯುವಿಗೆ ಬಲವಿಲ್ಲ ಅಷ್ಟೆ. ಅವರು ತಳ್ಳಿದರೂ ನೀವು ನಿಲ್ಲಿಸಿದ ಜಾಗದಲ್ಲೇ ಗೋಡೆಗೆ ತಾಗಿದಂತೆ ನಿಂತರೆ ಚೀಲವೇ ಬಿಗಿದಿದೆ. ಹಾಗಿದ್ದರೆ ಈ ವಾರವೇ ಮೂಳೆ ಡಾಕ್ಟರನ್ನು ಕಾಣಿ. ಶುರುವಿನಲ್ಲಿ ಜಾಯಿಂಟಿನೊಳಗೆ ಕೊಡುವ ಸ್ಟಿರಾಯ್ಡ್ ಇಂಜೆಕ್ಷನ್ ಚೆನ್ನಾಗಿ ಕೆಲಸ ಮಾಡುತ್ತದೆ. ಅದು ಕೆಲವು ದಿನ ಶುಗರ್ ಏರಿಸುತ್ತದೆ, ಹಾಗಾಗಿ ನಿಮ್ಮ ಶುಗರ್ ವಿಷಯ ಅವರಿಗೆ ಮೊದಲೇ ಹೇಳಿ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ) ಮಾಡಿಸಿ ಬಹಳ ದಿನ ಆಗಿದ್ದರೆ ಈಗ ಮಾಡಿಸಿಬಿಡಿ. 5.7ರಿಂದ 6.4ರವರೆಗೆ ಬಂದರೆ ಅಂಚು, 6.5 ಮುಟ್ಟಿದರೆ ಸಕ್ಕರೆ ಕಾಯಿಲೆ ಅಂತ ಲೆಕ್ಕ.

ಇನ್ನೊಂದು ಅನುಮಾನವನ್ನೂ ತೀರಿಸಿಕೊಳ್ಳಬೇಕು. 40 ದಾಟಿದವರು ಭುಜದ ಮೇಲೆ ಬಿದ್ದಾಗ ಒಳಗಿನ ರೊಟೇಟರ್ ಕಫ್, ಅಂದರೆ ಭುಜದ ಗುಂಡಿಯನ್ನು ಸುತ್ತುವರಿದು ಹಿಡಿಯುವ ಸ್ನಾಯುವಿನ ನರಪಟ್ಟಿ ಹರಿದಿರುವ ಸಾಧ್ಯತೆ ಇದೆ. ಎಕ್ಸ್‌ರೇಯಲ್ಲಿ ಅದು ಕಾಣುವುದಿಲ್ಲ. ಮಲಗಿಕೊಂಡು ಎಡಗೈಯಿಂದ ಬಲಗೈಯನ್ನು ಎತ್ತಿ ತಲೆಯ ಕಡೆ ತಂದರೆ ಸುಲಭವಾಗಿ ಬರುತ್ತದೆ, ಎದ್ದು ನಿಂತು ತಾನಾಗಿ ಎತ್ತಲು ಹೋದರೆ ಬಲವೇ ಇಲ್ಲ, ಪಕ್ಕಕ್ಕೆ ಎತ್ತಿ ಹಿಡಿದ ಕೈಯನ್ನು ನಿಧಾನವಾಗಿ ಇಳಿಸಲು ಹೋದರೆ ಧಪ್ ಅಂತ ಬೀಳುತ್ತದೆ, ಹೀಗಿದ್ದರೆ ಅಲ್ಟ್ರಾಸೌಂಡ್ ಅಥವಾ ಎಂ.ಆರ್.ಐ. ಬೇಕು. ಆರೋಗ್ಯವಾಗಿದ್ದ ನರಪಟ್ಟಿ ಪೆಟ್ಟಿನಿಂದ ಪೂರ್ತಿ ಹರಿದಿದ್ದರೆ ತಡ ಮಾಡುವುದು ಒಳ್ಳೆಯದಲ್ಲ. ಈ ಎರಡು ಅನುಮಾನಗಳೂ ಇಲ್ಲ ಅಂತಾದರೆ ಎಂ.ಆರ್.ಐ.ಗೆ ಸುಮ್ನೆ ದುಡ್ಡು ಹಾಕಬೇಡಿ. ಖಾಸಗಿಯಲ್ಲಿ ತೋರಿಸುವುದು ಭಾರ ಅನ್ನಿಸಿದರೆ ಜಯನಗರದ ಸಂಜಯ್ ಗಾಂಧಿ ಆಸ್ಪತ್ರೆ ನಿಮಗೆ ದೂರವೇನಲ್ಲ. ಮೂಳೆ ಮತ್ತು ಅಪಘಾತದ ಚಿಕಿತ್ಸೆಗೆಂದೇ ಇರುವ ಸರ್ಕಾರಿ ಸಂಸ್ಥೆ ಅದು.

ಕೈಬೆರಳು ಜೋಮು ಹಿಡಿಯುವುದು, ತೋಳಿನ ಹೊರಬದಿಯಲ್ಲಿ ಸ್ಪರ್ಶವೇ ಗೊತ್ತಾಗದಿರುವುದು, ಕೈ ತಣ್ಣಗಾಗಿ ನೀಲಿಗಟ್ಟುವುದು, ಉಬ್ಬಿನ ಮೇಲಿನ ಚರ್ಮ ಬಿಳುಚಿ ಬಿಗಿಯುವುದು, ಇದರಲ್ಲಿ ಯಾವುದಿದ್ದರೂ ಮನೆಯ ಪರೀಕ್ಷೆಗಳಿಗೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ.

ಇವೆಲ್ಲ ಇಲ್ಲ, ಬಿಗಿತವೂ ಸಾಧಾರಣ ಅಂತಿಟ್ಟುಕೊಳ್ಳೋಣ. ಈಗ ಕನ್ನಡಿಯ ಮುಂದೆ ಬನಿಯನ್ ಬಿಚ್ಚಿ ನಿಂತುಕೊಳ್ಳಿ. ಎರಡೂ ಕೈಗಳನ್ನು ಮುಂದಿನಿಂದ ನಿಧಾನವಾಗಿ ಮೇಲೆತ್ತಿ. ಎಡಗಡೆ ಕತ್ತು ಉದ್ದಕ್ಕೇ ಇರುತ್ತದೆ, ಕೈ ಮಾತ್ರ ಮೇಲೆ ಹೋಗುತ್ತದೆ. ಬಲಗಡೆ ಎದೆಯ ಮಟ್ಟ ದಾಟುತ್ತಿದ್ದಂತೆ ಭುಜವೇ ಕಿವಿಯ ಕಡೆ ಏರುತ್ತದೆ, ಕತ್ತಿನ ಪಕ್ಕದ ಸ್ನಾಯು ಹಗ್ಗದಂತೆ ಎದ್ದು ನಿಲ್ಲುತ್ತದೆ, ತಲೆ ಸ್ವಲ್ಪ ಬಲಕ್ಕೆ ವಾಲುತ್ತದೆ. ಎಷ್ಟೋ ಜನ ಇದನ್ನು ನೋಡಿಕೊಂಡೇ ಇರುವುದಿಲ್ಲ. ಹೀಗೆ ಭುಜ ಏರಿಸಿ ಏರಿಸಿ ನೂರು ಸಲ ಕೈ ಎತ್ತಿದರೆ ಕತ್ತು ನೋಯುತ್ತದೆಯೇ ಹೊರತು ಭುಜಕ್ಕೆ ಬಲ ಬರುವುದಿಲ್ಲ. ಭುಜ ಏರುವ ಜಾಗಕ್ಕಿಂತ ಸ್ವಲ್ಪ ಕೆಳಗೆ ನಿಲ್ಲಿಸಿ. ಅಲ್ಲಿಯವರೆಗೆ ಚೆನ್ನಾಗಿ ಎತ್ತಿ, ಚೆನ್ನಾಗಿ ಇಳಿಸಿ. ಆ ಗಡಿ ಮೆಲ್ಲಗೆ ಮೇಲಕ್ಕೆ ಸರಿಯುತ್ತಾ ಹೋಗುತ್ತದೆ.

ಮೊದಲ ಎರಡು ವಾರ ಚಲನೆಗೆ ಒತ್ತು ಕೊಡಿ. ಡೈನಿಂಗ್ ಟೇಬಲ್ ಮುಂದೆ ಕೂತು ಅಂಗೈ ಕೆಳಗೆ ಒಂದು ಬಟ್ಟೆ ಇಟ್ಟುಕೊಂಡು ಮುಂದಕ್ಕೆ ಜಾರಿಸಿ. ಎದೆ ಬಗ್ಗಿದಷ್ಟೂ ಭುಜ ತೆರೆಯುತ್ತದೆ, ಕೈಗೆ ಭಾರ ಬೀಳುವುದಿಲ್ಲ. ಅಂಗಾತ ಮಲಗಿ ಎರಡೂ ಕೈಯಲ್ಲಿ ಒಂದು ಕೋಲು ಹಿಡಿದು ಎಡಗೈ ಸಹಾಯದಿಂದ ಬಲಗೈಯನ್ನು ತಲೆಯ ಹಿಂದಕ್ಕೆ ಒಯ್ಯಿರಿ. ಅದೇ ಕೋಲಿನಿಂದ ಮೊಣಕೈ ಪಕ್ಕೆಯಲ್ಲಿಟ್ಟು ಅಂಗೈಯನ್ನು ಹೊರಕ್ಕೆ ತಳ್ಳಿರಿ. ಗೋಡೆಯ ಮೇಲೆ ಬೆರಳುಗಳಿಂದ ಹತ್ತುವುದನ್ನು ನಾಲ್ಕನೆಯದಾಗಿ ಸೇರಿಸಿ. ಪ್ರತಿಯೊಂದೂ ಹತ್ತು ಸಲ, ದಿನಕ್ಕೆ ಎರಡು ಮೂರು ಹೊತ್ತು. ಸ್ನಾನ ಆದ ಮೇಲೆ ಮೈ ಬಿಸಿಯಾಗಿರುವಾಗ ಮಾಡಿದರೆ ಸಲೀಸು.

ಇದರ ಜೊತೆಗೇ ಹಲಗೆ ಮೂಳೆಯ ಕೆಲಸ ಶುರುವಾಗಲಿ. ಕೂತಲ್ಲೇ ಎರಡೂ ಹಲಗೆಗಳನ್ನು ಹಿಂದಕ್ಕೆ ಸೇರಿಸಿ ಐದು ಎಣಿಸುವಷ್ಟು ಹಿಡಿದು ಬಿಡಿ. ಭುಜ ಕಿವಿಗೆ ಏರಬಾರದು. ನೋವಿಲ್ಲದೆ ಇದು ಬಂದ ಮೇಲೆ ಬಾಗಿಲ ಹಿಡಿಗೆ ವ್ಯಾಯಾಮದ ರಬ್ಬರ್ ಬ್ಯಾಂಡ್ ಕಟ್ಟಿ ಹೊಟ್ಟೆಯ ಕಡೆಗೆ ಎಳೆಯಿರಿ. ಬೋಟಿನ ಹುಟ್ಟು ಹಾಕಿದ ಹಾಗೆ. ಮೊಣಕೈ ಪಕ್ಕೆಯಲ್ಲಿಟ್ಟು ಬ್ಯಾಂಡನ್ನು ಹೊರಕ್ಕೆ ಎಳೆಯುವುದು ಇನ್ನೊಂದು. ಅಂಗಾತ ಮಲಗಿ ಕೈಯನ್ನು ಸೂರಿನ ಕಡೆ ನೇರ ಮಾಡಿ, ಮೊಣಕೈ ಮಡಚದೆ, ಹಲಗೆಯನ್ನೇ ಎತ್ತಿ ಸೂರನ್ನು ಗುದ್ದಿದಂತೆ ಮಾಡುವುದು ಮೂರನೆಯದು. ನೋಡಲು ಏನೂ ಅನ್ನಿಸದ ವ್ಯಾಯಾಮ. ಆದರೆ ಹ್ಯಾಂಡಲ್ ಮೇಲೆ ಮೈ ಒರಗಿದಾಗ ಹಲಗೆಯನ್ನು ಪಕ್ಕೆಲುಬಿಗೆ ಒತ್ತಿ ಹಿಡಿಯುವ ಸ್ನಾಯು ಬಲಗೊಳ್ಳುವುದು ಇದರಿಂದಲೇ. ಸೈಕಲ್ ಓಡಿಸುವವರಿಗೆ ಇದನ್ನು ನಾನು ತಪ್ಪದೆ ಹೇಳುತ್ತೇನೆ.

ಆಮೇಲೆ ತಳ್ಳುವ ಕೆಲಸ. ಗೋಡೆಗೆ ಕೈ ಕೊಟ್ಟು ಪುಷಪ್. ಅದು ಸುಲಭವಾದ ಮೇಲೆ ಅಡುಗೆ ಕಟ್ಟೆಗೆ ಕೈ ಕೊಟ್ಟು. ಆಮೇಲೆ ಗಟ್ಟಿ ಕುರ್ಚಿ, ಆಮೇಲೆ ಮಂಡಿಯೂರಿ ನೆಲ, ಕೊನೆಗೆ ಪೂರ್ತಿ ಪುಷಪ್. ಎತ್ತರ ಇಳಿದಷ್ಟೂ ಭುಜಕ್ಕೆ ಭಾರ ಜಾಸ್ತಿ. ಒಂದು ಮೆಟ್ಟಿಲಲ್ಲಿ ಹದಿನೈದು ಸಲ ನೋವಿಲ್ಲದೆ ಬಂದರೆ ಮುಂದಿನದಕ್ಕೆ ಹೋಗಿ. ಬಲ ಬರಿಸುವ ವ್ಯಾಯಾಮ ವಾರಕ್ಕೆ ಮೂರು ದಿನ ಸಾಕು, ನಡುವೆ ಬಿಡುವು ಇರಲಿ. ಬೆಂಚ್ ಪ್ರೆಸ್, ಡಿಪ್ಸ್, ತಲೆಯ ಮೇಲೆ ಭಾರ ಎತ್ತುವುದು, ಕೈಯನ್ನು ಎದೆಗೆ ಅಡ್ಡಲಾಗಿ ಜಗ್ಗುವುದು ಸದ್ಯಕ್ಕೆ ಬೇಡವೇ ಬೇಡ. ಇವೆಲ್ಲ ಎ.ಸಿ. ಜಾಯಿಂಟನ್ನೇ ಹಿಂಡುತ್ತವೆ.

ನೋವು ಎಷ್ಟಿದ್ದರೆ ಸರಿ ಅಂತ ಎಲ್ಲರೂ ಕೇಳುತ್ತಾರೆ. ಹತ್ತಕ್ಕೆ ಮೂರರಷ್ಟು ನೋವು ವ್ಯಾಯಾಮದ ಹೊತ್ತಿನಲ್ಲಿ ಬಂದರೆ ಪರವಾಗಿಲ್ಲ. ಮಾರನೇ ದಿನ ಬೆಳಗ್ಗೆ ಅದು ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಇಳಿದಿಲ್ಲ ಅಂದರೆ ಹಿಂದಿನ ದಿನ ಮಾಡಿದ್ದು ಜಾಸ್ತಿಯಾಯಿತು, ಒಂದು ಮೆಟ್ಟಿಲು ಕೆಳಗಿಳಿಯಿರಿ. ನೋವಿನ ಮಾತ್ರೆ ನುಂಗಿ ವ್ಯಾಯಾಮ ಮಾಡಬೇಡಿ, ಈ ಲೆಕ್ಕವೇ ಸಿಗುವುದಿಲ್ಲ. ಡೈಕ್ಲೊಫೆನಾಕ್, ಐಬುಪ್ರೊಫೆನ್ ಥರದ ಮಾತ್ರೆಗಳನ್ನು ಡಾಕ್ಟರನ್ನು ಕೇಳದೆ ವಾರಗಟ್ಟಲೆ ನುಂಗುವುದು ಹೊಟ್ಟೆಗೂ ಕಿಡ್ನಿಗೂ ಒಳ್ಳೆಯದಲ್ಲ.

ವ್ಯಾಯಾಮ ದಿನಕ್ಕೆ ಅರ್ಧ ಗಂಟೆ. ಉಳಿದ ಹೊತ್ತು ನೀವು ಕೈಯನ್ನು ಹೇಗೆ ಬಳಸುತ್ತೀರಿ ಅನ್ನುವುದೇ ಮುಖ್ಯ. ನಮ್ಮ ಬೆಂಗಳೂರಿನ ಮನೆಗಳಲ್ಲಿ ಭುಜದ ದೊಡ್ಡ ಶತ್ರು ಇಪ್ಪತ್ತು ಲೀಟರಿನ ನೀರಿನ ಕ್ಯಾನು. ಇಪ್ಪತ್ತು ಕೆ.ಜಿ. ಭಾರವನ್ನು ಎದೆಯ ಮಟ್ಟಕ್ಕೆ ಎತ್ತಿ, ತಿರುಗಿಸಿ, ಡಿಸ್ಪೆನ್ಸರ್ ಮೇಲೆ ಕವುಚುವುದು. ಮೂರು ತಿಂಗಳು ಇದನ್ನು ಬೇರೆಯವರಿಗೆ ಬಿಡಿ, ಇಲ್ಲವೇ ಕ್ಯಾನಿನ ಬಾಯಿಗೆ ಹಾಕುವ ಸಣ್ಣ ಪಂಪ್ ತಂದುಕೊಳ್ಳಿ. ಎರಡನೆಯದು ಸ್ಕೂಟರ್. ಓಡಿಸುವುದಕ್ಕಿಂತ ಸೆಂಟರ್ ಸ್ಟ್ಯಾಂಡ್ ಹಾಕುವುದು, ಅಪಾರ್ಟ್‌ಮೆಂಟಿನ ಇಕ್ಕಟ್ಟಾದ ಪಾರ್ಕಿಂಗಿನಿಂದ ಎಳೆದು ತೆಗೆಯುವುದೇ ಕಷ್ಟ. ಸೈಡ್ ಸ್ಟ್ಯಾಂಡ್ ಸಾಕು. ಬಿಎಂಟಿಸಿ ಬಸ್ಸಿನಲ್ಲಿ ಬಲಗೈಯಲ್ಲಿ ಮೇಲಿನ ಕಂಬಿ ಹಿಡಿದು ನಿಲ್ಲಬೇಡಿ, ಡ್ರೈವರ್ ಬ್ರೇಕ್ ಹಾಕಿದರೆ ಮೈಯೆಲ್ಲ ಆ ಭುಜಕ್ಕೆ ಜೋತುಬೀಳುತ್ತದೆ. ಎಡಗೈಯಲ್ಲಿ ಸೀಟಿನ ಬೆನ್ನು ಹಿಡಿಯಿರಿ. ಕನಕಪುರ ರಸ್ತೆಯ ಟ್ರಾಫಿಕ್ಕಿನಲ್ಲಿ ದಿನಾ ಗಾಡಿ ಓಡಿಸುವುದಕ್ಕಿಂತ ಸ್ವಲ್ಪ ದಿನ ಮೆಟ್ರೋ ಹಿಡಿಯುವುದು ಒಳ್ಳೆಯದು. ಲ್ಯಾಪ್‌ಟಾಪ್ ಬ್ಯಾಗನ್ನು ಬಲ ಭುಜಕ್ಕೆ ಒಂದೇ ಪಟ್ಟಿಯಲ್ಲಿ ನೇತುಹಾಕಬೇಡಿ, ಪಟ್ಟಿ ಸರಿಯಾಗಿ ಉಬ್ಬಿನ ಮೇಲೇ ಕೂರುತ್ತದೆ.

ಆಫೀಸಿನಲ್ಲಿ ಮೌಸ್ ದೂರ ಇದ್ದರೆ ದಿನವಿಡೀ ಕೈ ಚಾಚಿಯೇ ಇರುತ್ತದೆ. ಅದನ್ನು ಹತ್ತಿರ ಎಳೆದುಕೊಳ್ಳಿ, ಮುಂಗೈ ಪೂರ್ತಿ ಮೇಜಿನ ಮೇಲೆ ಒರಗಲಿ. ತೋಳಿನ ಭಾರ ಮೇಜಿಗೆ ಹೋದರೆ ಕತ್ತಿಗೆ ಆರಾಮ. ಸಂಜೆಯ ಎಳೆತ ಇದರಿಂದಲೇ ಎಷ್ಟೋ ಕಮ್ಮಿಯಾಗುತ್ತದೆ. ರಾತ್ರಿ ಎಡ ಮಗ್ಗುಲಾಗಿ ಮಲಗಿ, ಎದೆಯ ಮುಂದೆ ಒಂದು ದಪ್ಪ ದಿಂಬು ಇಟ್ಟು ಬಲಗೈ ಅದರ ಮೇಲೆ ಇರಲಿ. ಅಂಗಾತ ಮಲಗಿದರೆ ಮೊಣಕೈ ಕೆಳಗೆ ಮಡಿಸಿದ ಟವೆಲ್ ಇಡಿ. ಅಂಗಿ ಹಾಕುವಾಗ ನೋವಿನ ಕೈ ಮೊದಲು, ತೆಗೆಯುವಾಗ ಕೊನೆಗೆ.

ಈಗ ಸೈಕಲ್. ಮನೆಯಲ್ಲಿ ಟ್ರೇನರ್ (ಸೈಕಲ್ಲನ್ನು ನಿಂತಲ್ಲೇ ತುಳಿಯುವ ಸ್ಟ್ಯಾಂಡ್) ಇದ್ದರೆ ಇವತ್ತೇ ಹತ್ತಬಹುದು, ನೆಟ್ಟಗೆ ಕೂತು, ಕೈಗೆ ಭಾರ ಕೊಡದೆ. ಕಾಲಿಗೂ ಎದೆಗೂ ಅಭ್ಯಾಸ ತಪ್ಪುವುದಿಲ್ಲ, ಶುಗರ್‌ಗೂ ಒಳ್ಳೆಯದು. ಹೊರಗೆ ಓಡಿಸಲು ಕೈ ನೋವಿಲ್ಲದೆ ತಲೆಯ ಮೇಲೆ ಹೋಗಬೇಕು, ಅಡುಗೆ ಕಟ್ಟೆಯ ಪುಷಪ್ ಹದಿನೈದು ಬರಬೇಕು, ಎರಡೂ ಬ್ರೇಕುಗಳನ್ನು ಗಕ್ಕನೆ ಹಿಡಿದರೆ ಭುಜ ಚುಳುಕ್ ಅನ್ನಬಾರದು. ಇದಿಷ್ಟಾದ ಮೇಲೂ ಮೊದಲು ನುಣುಪು ರಸ್ತೆ. ಭಾನುವಾರ ಬೆಳಗ್ಗೆ ಕಬ್ಬನ್ ಪಾರ್ಕ್ ಒಳಗೆ ಮೋಟಾರು ವಾಹನ ಬಿಡುವುದಿಲ್ಲ, ಶುರು ಮಾಡಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ನಮ್ಮ ಬಡಾವಣೆಗಳ ಗುಂಡಿ, ಹಂಪುಗಳ ಮೇಲೆ ಓಡಿಸುವುದು ಒಂದು ಮಟ್ಟಿಗೆ ಟ್ರೇಲೇ ಅನ್ನುವುದು ನೆನಪಿರಲಿ. ಎರಡು ಮೂರು ವಾರ ಹೀಗೆ ಓಡಿಸಿ ಮಾರನೇ ಬೆಳಗ್ಗೆ ನೋವಿಲ್ಲ ಅಂದರೆ ಸಮತಟ್ಟಾದ ಮಣ್ಣಿನ ದಾರಿ.

ಕಲ್ಲು, ಬೇರು ಇರುವ ಇಳಿಜಾರಿಗೆ ಮಾತ್ರ ನನ್ನ ಷರತ್ತು ಬಿಗಿ. ನೆಲದ ಮೇಲೆ ಪೂರ್ತಿ ಪುಷಪ್ ಹತ್ತಾದರೂ ಬರಬೇಕು. ಕೈ ನೇರ ಮಾಡಿದ ಪ್ಲ್ಯಾಂಕಿನಲ್ಲಿ ಒಂದು ನಿಮಿಷ ನಿಂತು, ಅಲ್ಲೇ ಎಡಗೈ ಎತ್ತಿ ಬಲಗೈ ಒಂದರ ಮೇಲೆ ಐದು ಎಣಿಸುವಷ್ಟು ತಡೆದುಕೊಳ್ಳಬೇಕು. ಬ್ಯಾಂಡಿನ ವ್ಯಾಯಾಮಗಳಲ್ಲಿ ಬಲಗೈ ಎಡಗೈಗೆ ಹೆಚ್ಚುಕಮ್ಮಿ ಸಮ ಇರಬೇಕು. ಬಲಗೈಯನ್ನು ಎದೆಗೆ ಅಡ್ಡ ತಂದು ಎಡ ಭುಜ ಮುಟ್ಟಿದರೆ ಉಬ್ಬಿನ ಜಾಗದಲ್ಲಿ ನೋವಿರಬಾರದು. ಗ್ರೇಡ್ 3ರಲ್ಲಿ ಪೆಟ್ಟು ಬಿದ್ದ ದಿನದಿಂದ ಮೂರು ತಿಂಗಳಿಗೆ ಮುಂಚೆ ಇದು ಬರುವುದು ಅಪರೂಪ. ನಿಮಗೆ ಬಿಗಿತ ಸೇರಿರುವುದರಿಂದ ನಾಲ್ಕರಿಂದ ಆರು ತಿಂಗಳು ಅಂತ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಸಕಲೇಶಪುರಕ್ಕೆ ಮಳೆ ನಿಂತ ಮೇಲೆ ಹೋದರಾಯಿತು, ಒದ್ದೆ ಬೇರಿನ ಮೇಲೆ ಗಟ್ಟಿ ಭುಜದವರೂ ಜಾರುತ್ತಾರೆ.

ಬಿದ್ದದ್ದು ಯಾಕೆ ಅನ್ನುವುದನ್ನೂ ಯೋಚಿಸಿ. ಮುಂದಿನ ಚಕ್ರ ಬೇರಿಗೆ ತಗುಲಿ ನಿಂತಿತು ಅಂದಿರಿ. ಸಾಮಾನ್ಯವಾಗಿ ಹೀಗಾಗುವುದು ಮೈಭಾರ ಹ್ಯಾಂಡಲ್ ಮೇಲೆ ಇದ್ದು, ಗಾಬರಿಯಲ್ಲಿ ಮುಂದಿನ ಬ್ರೇಕ್ ಹಿಡಿದಾಗ. ಇಳಿಜಾರಿನಲ್ಲಿ ಭಾರ ಪೆಡಲಿನ ಮೇಲಿರಬೇಕು, ಹಿಮ್ಮಡಿ ಕೆಳಕ್ಕೆ, ಮೊಣಕೈ ಮಡಚಿ ಹೊರಕ್ಕೆ. ಬ್ರೇಕ್ ಬೇರಿಗೆ ಮುಂಚೆ ಹಿಡಿಯಬೇಕು, ಬೇರಿನ ಮೇಲೆ ಬಿಡಬೇಕು. ಬಲಗೈಗೆ ಯಾವ ಬ್ರೇಕ್ ಇದೆ ಅಂತಲೂ ನೋಡಿಕೊಳ್ಳಿ, ಎಲ್ಲ ಸೈಕಲ್ಲಿನಲ್ಲೂ ಒಂದೇ ಥರ ಇರುವುದಿಲ್ಲ. ಮುಂದಿನ ಬ್ರೇಕ್ ಬಲಗೈಯಲ್ಲೇ ಇದ್ದರೆ, ನೋವಿರುವ ಕೈ ಅದನ್ನು ಹದವಾಗಿ ಹಿಡಿಯಬಲ್ಲದಾ ಅಂತ ಖಾಲಿ ಮೈದಾನದಲ್ಲಿ ಪರೀಕ್ಷಿಸಿ. ಹ್ಯಾಂಡಲ್ ತೀರಾ ಅಗಲ ಅನ್ನಿಸಿದರೆ ಸೈಕಲ್ ಅಂಗಡಿಯವರಿಗೆ ಹೇಳಿ ಹಿಡಿಗಳನ್ನು ಸ್ವಲ್ಪ ಒಳಕ್ಕೆ ಸರಿಸಿಕೊಳ್ಳಬಹುದು.

ಭಯದ ಬಗ್ಗೆ ನೀವು ಬರೆದಿಲ್ಲ, ಆದರೆ ಅದು ಬರುತ್ತದೆ. ಬಿದ್ದ ಜಾಗ ಕಂಡಾಗ ಕೈ ಬಿಗಿಯುತ್ತದೆ, ಭುಜ ಕಿವಿಗೆ ಏರುತ್ತದೆ, ಮತ್ತೆ ಅದೇ ತಪ್ಪು ಭಂಗಿ. ಹಾಗಾಗಿ ಮೊದಲ ದಿನ ಗುಂಪಿನ ಜೊತೆ ಹೋಗಬೇಡಿ. ನಿಮ್ಮ ವೇಗಕ್ಕೆ ನಿಲ್ಲುವ ಒಬ್ಬರೇ ಗೆಳೆಯರನ್ನು ಕರೆದುಕೊಳ್ಳಿ. ಆ ಬೇರಿನ ಹತ್ತಿರ ಇಳಿದು ಸೈಕಲ್ ತಳ್ಳಿಕೊಂಡು ನಡೆಯಿರಿ, ದಾರಿ ನೋಡಿಕೊಳ್ಳಿ. ಅವತ್ತು ಹತ್ತದಿದ್ದರೂ ಸರಿ. ಅರ್ಧ ಗಂಟೆಗೆ ಮುಗಿಸಿ ವಾಪಸ್ ಬನ್ನಿ, ಮಾರನೇ ಬೆಳಗ್ಗೆ ಭುಜ ಏನು ಹೇಳುತ್ತದೆ ಕೇಳಿ. ಮತ್ತೆ ಹೊರಡುವ ಮುಂಚೆ ಹೆಲ್ಮೆಟ್ ತೆಗೆದು ನೋಡಿ. ಅವತ್ತು ಬಿದ್ದಾಗ ಅದು ನೆಲಕ್ಕೋ ಕಲ್ಲಿಗೋ ಬಡಿದಿದ್ದರೆ ಹೊರಗೆ ಬಿರುಕು ಕಾಣದಿದ್ದರೂ ಒಳಗಿನ ಫೋಮ್ ಅಮುಕಿರಬಹುದು. ಅದನ್ನು ಮತ್ತೆ ಹಾಕಬೇಡಿ, ಹೊಸದು ತೆಗೆದುಕೊಳ್ಳಿ.